ಶಾಲೆಯ ಅಂಗಳವೂ ಕಾಯಫನ ಅಂಗಳವೂ

ಓದತಕ್ಕ ವೇದಭಾಗಗಳು: ಯಾಜಕಕಾಂಡ 19:14, ಲೂಕ 22:54-65, ಯೋಹಾನ 21:9-15.



ಮೇಲೆ ಸೂಚಿಸಿರುವ ಮೂರು ಭಾಗಗಳನ್ನು ಮನೆಯಲ್ಲಿ ಓದಬಲ್ಲವರು ಓದಲಾರದವರಿಗೆ ಗಟ್ಟಿಯಾಗಿ ಓದಿ ಕೇಳಿಸಿದ ಮೇಲೆ ಈ ಪ್ರಸಂಗವನ್ನು ಕೈಗೆ ತೆಗೆದುಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಮಕ್ಕಳನ್ನು ಆಟಕ್ಕೆ ಕಳುಹಿಸಿಬಿಡಬೇಡಿರಿ. ಅವರೂ ಹತ್ತಿರ ಕೂತು ಕೇಳಲಿ. ಯಾಕಂದರೆ ಇದು ಅವರ ವಿಷಯ.

ದೇವರು ಮೋಶೆಯ ಮುಖಾಂತರ ಕೊಟ್ಟ ಆಜ್ಞೆಗಳಲ್ಲಿ ಯಾಜಕಕಾಂಡದ ಈ ವಾಕ್ಯವು ಬಹು ಚಿಕ್ಕದು. ಅನೇಕರು ಅದನ್ನು ಓದಿದರೂ ನಿಲ್ಲದೆ ದಾಟಿ ಹೋಗುತ್ತಾರೆ. ಕಿವಿ ಕೇಳದವನನ್ನು ಶಪಿಸಬಾರದು, ಕಣ್ಣು ಕಾಣದವನು ನಡೆಯುವ ದಾರಿಯಲ್ಲಿ ಎಡವುವಂಥಾದ್ದನ್ನು ಇಡಬಾರದು ಎಂಬದೇ ಅದರ ತಾತ್ಪರ್ಯ. ಸ್ವಲ್ಪ ಆಲೋಚಿಸಿರಿ. ಕಿವುಡನನ್ನು ಬೈದರೆ ಅವನಿಗೆ ಕೇಳಿಸುವದೇ ಇಲ್ಲವಲ್ಲಾ! ಹಾಗಾದರೆ ಬೈಯುವವನು ಯಾರಿಗೋಸ್ಕರ ಬೈಯುತ್ತಾನೆ? ಪಕ್ಕದಲ್ಲಿ ನಿಂತವರಿಗೋಸ್ಕರವೇ. ಅವರ ನಗೆಯೇ ಅವನಿಗೆ ಕೂಲಿ. ಕುರುಡನ ಮುಂದೆ ಕಲ್ಲಿಡುವವನೂ ಹಾಗೆಯೇ. ನೋಡುವವರು ಒಬ್ಬರೂ ಇಲ್ಲದಿದ್ದರೆ ಬಗ್ಗಿ ಆ ಕಲ್ಲನ್ನು ಎತ್ತುವ ಶ್ರಮವನ್ನು ಸಹ ಅವನು ತೆಗೆದುಕೊಳ್ಳಲಾರನು. ಆದುದರಿಂದಲೇ ಆ ಆಜ್ಞೆಯ ಕೊನೆಯಲ್ಲಿ ದೇವರಿಗೆ ಭಯಪಡಬೇಕೆಂಬ ಮಾತು ಸೇರಿಕೊಂಡಿದೆ. ಕಿವುಡನಿಗೆ ಕೇಳಿಸದ್ದನ್ನು ಕೇಳಿಸಿಕೊಂಡವನೂ, ಕುರುಡನಿಗೆ ಕಾಣಿಸದ್ದನ್ನು ಕಂಡವನೂ ಒಬ್ಬನಿದ್ದಾನೆ. ಮತ್ತು ಆತನು ನಗಲಿಲ್ಲ.

ಈ ಚಿಕ್ಕ ಆಜ್ಞೆಯನ್ನು ಕೈದೀಪದ ಹಾಗೆ ಹಿಡುಕೊಂಡು ನಮ್ಮ ಹಳ್ಳಿಯ ಪ್ರಾಥಮಿಕ ಶಾಲೆಯ ಅಂಗಳಕ್ಕೆ ಹೋಗೋಣ. ಬೆಳಿಗ್ಗೆ ಗಂಟೆ ಹೊಡೆಯುವದಕ್ಕೆ ಮುಂಚಿನ ಹೊತ್ತು, ಮಧ್ಯಾಹ್ನ ಬಿಸಿಯೂಟದ ಹೊತ್ತು, ಸಾಯಂಕಾಲ ಹಟ್ಟಿಗೆ ತಿರುಗಿ ಬರುವ ದಾರಿ, ಇವುಗಳಲ್ಲಿ ಉಪಾಧ್ಯಾಯರ ಕಣ್ಣು ಮಕ್ಕಳ ಮೇಲೆ ಬೀಳುವದು ಕಡಿಮೆ. ಅಲ್ಲಿ ಒಬ್ಬ ಹುಡುಗನಿದ್ದಾನೆಂದು ಎಣಿಸಿಕೊಳ್ಳಿರಿ. ಅವನಿಗೆ ಹುಟ್ಟಿದಂದಿನಿಂದ ಒಂದು ಕಾಲು ಸೊಟ್ಟ. ಅಥವಾ ಮಾತು ತೊದಲು. ಅಥವಾ ಮಳೆ ಹೋಗಿ ಶೇಂಗಾ ಕೆಟ್ಟ ವರ್ಷ ತಂದೆತಾಯಿಗಳ ಸಂಗಡ ಗುಳೆ ಹೋಗಿ, ಆರು ತಿಂಗಳ ಮೇಲೆ ತಿರುಗಿ ಬಂದು, ಈಗ ತನಗಿಂತ ಸಣ್ಣವರ ಜೊತೆಯಲ್ಲಿ ಕಾಗುಣಿತ ತಿದ್ದುತ್ತಾನೆ. ಮೊದಲನೆಯ ದಿನ ಯಾವನೋ ಒಬ್ಬನು ಅವನಿಗೆ ಒಂದು ಅಡ್ಡಹೆಸರನ್ನು ಇಡುತ್ತಾನೆ. ನಾಲ್ಕು ಜನ ನಗುತ್ತಾರೆ. ವಾರ ಕಳೆಯುವಷ್ಟರಲ್ಲಿ ಆ ಅಡ್ಡಹೆಸರು, ಅವನ ದೀಕ್ಷಾಸ್ನಾನದಲ್ಲಿ ನಾವು ಸಭೆಯ ಮುಂದೆ ಉಚ್ಚರಿಸಿದ ಹೆಸರನ್ನು ನುಂಗಿಬಿಡುತ್ತದೆ. ಆಮೇಲೆ ಅವನ ಪುಸ್ತಕ ಕಾಣೆಯಾಗುತ್ತದೆ. ಚಪ್ಪಲಿ ಜಾಲಿಯ ಪೊದೆಗೆ ಹಾರುತ್ತದೆ. ಊಟಕ್ಕೆ ಕೂತಾಗ ಅವನ ಪಕ್ಕದವನು ತಟ್ಟೆಯನ್ನು ಎಳೆದುಕೊಂಡು ದೂರ ಸರಿಯುತ್ತಾನೆ. ಈಗಿನ ಕಾಲದಲ್ಲಿ ಇದರ ಮೇಲೆ ಇನ್ನೊಂದು ಸೇರಿದೆ: ಅವನು ಬಿದ್ದದ್ದನ್ನು ದೊಡ್ಡ ಹುಡುಗನೊಬ್ಬನು ಅಣ್ಣನ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲಾ ತೋರಿಸುತ್ತಾನೆ.

ಮನೆಯಲ್ಲಿ ನಡೆಯುವದೇನು? ಹುಡುಗನು ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾನೆ. ತಾಯಿ ಎರಡು ದಿನ ಓಮದ ಕಷಾಯ ಕುಡಿಸುತ್ತಾಳೆ. ಮೂರನೆಯ ದಿನ ಗದರಿಸಿ ಕಳುಹಿಸುತ್ತಾಳೆ. ಅವನು ಶಾಲೆಗೆ ಹೊರಟು ಕೆರೆಯ ಏರಿಯ ಹಿಂದೆ ಹೊತ್ತು ಕಳೆದು ಬರುತ್ತಾನೆ. ಕಡೆಗೆ ತಂದೆಯು, “ಇವನ ತಲೆಗೆ ಓದು ಹತ್ತೋದಿಲ್ಲ ಬಿಡ್ರಿ” ಎಂದು ಹೇಳಿ ಕುರಿಗಳ ಹಿಂದೆ ಅಟ್ಟುತ್ತಾನೆ. ಓದು ಹತ್ತಲಿಲ್ಲವೆಂಬದು ಸುಳ್ಳು, ಪ್ರಿಯರೇ. ಓದುವದಕ್ಕೆ ಕೂಡ್ರುವ ಸ್ಥಳವನ್ನು ಅವನಿಗೆ ಬಿಡಲಿಲ್ಲ. ಕುರಿ ಕಾಯುವದು ಅವಮಾನವೆಂದು ನಾನು ಹೇಳುವವನಲ್ಲ. ದಾವೀದನು ಕುರಿ ಕಾಯ್ದವನೇ. ಆದರೆ ಪರಿಹಾಸ್ಯಕ್ಕೆ ಅಂಜಿ ಓಡಿಹೋಗಿ ಕುರಿ ಕಾಯುವದು ಬೇರೆ.

ಈಗ ಎರಡನೆಯ ಅಂಗಳಕ್ಕೆ ಬನ್ನಿರಿ. ಮಹಾಯಾಜಕನಾದ ಕಾಯಫನ ಮನೆಯ ಅಂಗಳವದು, ಚಳಿಯ ರಾತ್ರಿ, ನಡುವೆ ಬೆಂಕಿ ಉರಿಯುತ್ತಾ ಇದೆ. ನಮ್ಮ ಕರ್ತನನ್ನು ಕಾಯುತ್ತಿದ್ದ ಜನರಿಗೆ ಬೆಳಗಾಗುವ ತನಕ ಮಾಡಲಿಕ್ಕೆ ಕೆಲಸವಿಲ್ಲ. ಆದುದರಿಂದ ಅವರು ಒಂದು ಆಟವನ್ನು ಹೂಡಿದರು. ಆತನ ಕಣ್ಣಿಗೆ ಬಟ್ಟೆ ಕಟ್ಟಿ, ಹೊಡೆದು, ಹೊಡೆದವನು ಯಾರೆಂದು ಹೇಳೆನ್ನುತ್ತಿದ್ದರು. ನಮ್ಮ ಮಕ್ಕಳು ಆಡುವ ಕಣ್ಣಾಮುಚ್ಚಾಲೆಯನ್ನು ನೋಡಿದವರಿಗೆ ಈ ಆಟದ ಗುರುತು ಹತ್ತದೆ ಇರುವದೋ? ಶಿಲುಬೆಯ ಮೊಳೆಗಳನ್ನು ಕುರಿತು ನಾವು ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಈ ಆಟವನ್ನು ಕುರಿತು ಕೇಳಿದ್ದು ಅಪರೂಪ. ಆದರೆ ಲೂಕನು ಅದನ್ನು ಬಿಡದೆ ಬರೆದಿಟ್ಟನು. ಅದು ಕಿವುಡನ, ಕುರುಡನ ಆಜ್ಞೆಯನ್ನೇ ಮೀರಿದ ಪಾಪ: ಕಾಣುವ ಕಣ್ಣುಗಳನ್ನು ತಾವೇ ಕುರುಡಾಗಿ ಮಾಡಿ, ಆ ಕುರುಡನನ್ನು ಹಾಸ್ಯ ಮಾಡಿದರು. ಆದಕಾರಣ ಶಾಲೆಯಲ್ಲಿ ನಾಲ್ವರ ನಡುವೆ ಸಿಕ್ಕಿಕೊಂಡು ಅಳುವ ಮಗುವಿಗೆ ನಾನು ಹೇಳುವದೇನಂದರೆ, ಮಗುವೇ, ನೀನು ನಿಂತಿರುವ ಸ್ಥಳ ನಮ್ಮ ಕರ್ತನಿಗೆ ಗೊತ್ತು. ಆತನು ಅಲ್ಲಿ ನಿಂತಿದ್ದನು.

ಅದೇ ಅಂಗಳದಲ್ಲಿ ಬೆಂಕಿಯ ಹತ್ತಿರ ಪೇತ್ರನು ಕೂತಿದ್ದನು. ಅವನು ಹೊಡೆಯಲಿಲ್ಲ, ಉಗುಳಲಿಲ್ಲ, ಹಾಸ್ಯ ಮಾಡಲಿಲ್ಲ. ಮೈ ಬೆಚ್ಚಗೆ ಮಾಡಿಕೊಂಡನು, ಅಷ್ಟೇ. ಅವನಿಗೆ ಭಯವಾಗಿತ್ತು; ಆ ಭಯಕ್ಕೆ ಕಾರಣವೂ ಇತ್ತು. ಮತ್ತಾಯನು ಬರೆದಿರುವದನ್ನು ನೋಡಿದರೆ, ಹತ್ತಿರ ನಿಂತವರು ಅವನ ಮಾತಿನ ರೀತಿಯಿಂದ ಅವನು ಗಲಿಲಾಯದವನೆಂದು ಗುರುತು ಹಿಡಿದರು. ಊರಿನ ಭಾಷೆಯ ರಾಗವೇ ಅವನನ್ನು ತೋರಿಸಿಕೊಟ್ಟಿತು. ನಮ್ಮ ಸೀಮೆಯವರಿಗೆ ಇದು ತಿಳಿಯದ ಸಂಗತಿಯಲ್ಲ. ಮೊಳಕಾಲ್ಮೂರಿನ ಗಡಿಯನ್ನು ದಾಟಿದರೆ ರಾಯದುರ್ಗ, ಆಂಧ್ರ ದೇಶ. ಈಚೆಯಲ್ಲಿಯೂ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಎಷ್ಟೋ ಮಂದಿ, ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಮಕ್ಕಳು ಬೇರೆ. ಅಂಥ ಮಗು ತರಗತಿಯಲ್ಲಿ ಎದ್ದು ನಿಂತು ಕನ್ನಡ ಪಾಠವನ್ನು ಓದುವಾಗ ಒಂದು ಅಕ್ಷರ ಸ್ವಲ್ಪ ಆಚೀಚೆ ಉರುಳಿದರೆ ಕೋಣೆಯೆಲ್ಲಾ ನಗುತ್ತದೆ. ಮರುದಿನದಿಂದ ಆ ಮಗು ಬಾಯಿ ತೆರೆಯುವದಿಲ್ಲ. ಪೇತ್ರನು ತನ್ನ ಮಾತಿನ ರೀತಿಗೆ ಸಿಕ್ಕಿಬಿದ್ದಾಗ ಆಣೆಯಿಟ್ಟುಕೊಂಡು ಸುಳ್ಳಾಡಿದನು. ದೊಡ್ಡ ಮನುಷ್ಯನಿಗೆ ಹಾಗಾದರೆ, ಏಳು ವರ್ಷದ ಕೂಸಿನ ಗತಿ ಏನು?

ಬೆಂಕಿಯ ಸುತ್ತಲಿನ ಸ್ಥಾನವನ್ನು ಕಳೆದುಕೊಳ್ಳಬಾರದೆಂಬ ಈ ಭಯವು ಹುಡುಗರಿಗೆ ಮಾತ್ರ ಇರುವಂಥಾದ್ದಲ್ಲ. ಸರಕಾರಗಳಿಗೂ ಇದ್ದದ್ದುಂಟು. ನಮ್ಮ ಕನ್ನಡ ನಾಡಿನ ಧಾರವಾಡದಲ್ಲಿ ನಡೆದ ಒಂದು ಸಂಗತಿಯನ್ನು ನೀವು ತಿಳಿದಿರಬೇಕು. 1856ನೆಯ ಇಸವಿಯ ಜೂನ್ ತಿಂಗಳಲ್ಲಿ ಮಹಾರ ಕುಲದ ಒಬ್ಬ ಹುಡುಗನು, ತಾನು ಶುಲ್ಕವನ್ನು ಕೊಡುವದಕ್ಕೆ ಸಿದ್ಧನಾಗಿದ್ದರೂ ಅಲ್ಲಿಯ ಸರಕಾರೀ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು ಬೊಂಬಾಯಿ ಸರಕಾರಕ್ಕೆ ಅರ್ಜಿ ಮಾಡಿಕೊಂಡನು. ಆ ಕಾಲದಲ್ಲಿ ಧಾರವಾಡವು ಬೊಂಬಾಯಿ ಅಧಿಪತ್ಯಕ್ಕೆ ಸೇರಿತ್ತು. ದೊರೆಗಳು ಅರ್ಜಿಯನ್ನು ಓದಿದರು. ನ್ಯಾಯವು ಹುಡುಗನ ಪಕ್ಷದಲ್ಲಿದೆಯೆಂಬದನ್ನು ಅವರು ಅಲ್ಲಗಳೆಯಲಿಲ್ಲ. ಆದರೆ ಅವನೊಬ್ಬನನ್ನು ಸೇರಿಸಿದರೆ ಮಿಕ್ಕ ಬಹು ಜನಕ್ಕೆ ಆ ಶಾಲೆಯು ನಿರುಪಯೋಗವಾದೀತೆಂದು ಹೇಳಿ ಅವನನ್ನು ಹೊರಗೇ ಬಿಟ್ಟರು. ಎರಡು ವರ್ಷಗಳಾದ ಮೇಲೆ, 1858ರಲ್ಲಿ, ಲಂಡನಿನಲ್ಲಿದ್ದ ಕಂಪನಿಯ ನಿರ್ದೇಶಕರ ಸಭೆಯವರು ಸರಕಾರದ ವಿದ್ಯಾಶಾಲೆಗಳು ಎಲ್ಲಾ ವರ್ಗದವರಿಗೂ ತೆರೆದಿರತಕ್ಕವುಗಳೆಂದು ಬರೆದು ಕಳುಹಿಸಿದರು. ಕಾಗದದ ಮೇಲೆ ಹುಡುಗನು ಗೆದ್ದನು. ಆದರೆ ಮೊದಲಿನ ಉತ್ತರವನ್ನು ತಿರುಗಿ ನೋಡಿರಿ. ಅದರಲ್ಲಿ ದ್ವೇಷದ ಮಾತಿಲ್ಲ, ಬೈಗಳಿಲ್ಲ. ಗುಂಪು ಏನು ಅಂದೀತೋ ಎಂಬ ಭಯ ಮಾತ್ರವಿದೆ. ಪೇತ್ರನು ಬೆಂಕಿಯ ಮಗ್ಗುಲಲ್ಲಿ ಹೇಳಿದ ಉತ್ತರವೂ ಇದೇ ಜಾತಿಯದು.

ಬಾಗಿಲು ತೆರೆದ ಮೇಲಾದರೂ ಒಳಗೆ ಕೂಡ್ರುವ ಸ್ಥಳ ಸಿಕ್ಕಿತೋ? 1891ರಲ್ಲಿ ಹುಟ್ಟಿದ ಡಾಕ್ಟರ್ ಅಂಬೇಡ್ಕರರು ಸಾತಾರೆಯಲ್ಲಿ ಹುಡುಗರಾಗಿದ್ದಾಗ ಶಾಲೆಯಲ್ಲಿ ಒಂದು ಗೋಣಿಯ ತುಂಡಿನ ಮೇಲೆ ಬೇರೆಯಾಗಿ ಕೂಡ್ರುತ್ತಿದ್ದರು. ಆ ಗೋಣಿಯನ್ನು ಸಾಯಂಕಾಲ ಮನೆಗೆ ಹೊತ್ತು ಮರುದಿನ ತಿರುಗಿ ತರಬೇಕಾಗಿತ್ತು, ಯಾಕಂದರೆ ಶಾಲೆಯ ಆಳು ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಜವಾನನು ಬಂದು ನಲ್ಲಿಯನ್ನು ತಿರುಗಿಸಬೇಕು; ಜವಾನನಿಲ್ಲದ ದಿನ ನೀರೂ ಇಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಚಳ್ಳಕೆರೆಯ ಎಣ್ಣೆ ಗಿರಣಿಗಳ ಮುಂದೆ ಅಟ್ಟಿಗಟ್ಟಲೆ ಬಿದ್ದಿರುವ ಗೋಣಿಚೀಲಗಳನ್ನು ನೋಡುವಾಗೆಲ್ಲಾ ನನಗೆ ಆ ಒಂದು ತುಂಡು ಗೋಣಿಯ ಜ್ಞಾಪಕ ಬರುತ್ತದೆ. ಅಸ್ಪೃಶ್ಯತೆಯನ್ನು ರದ್ದುಮಾಡಿದ ರಾಜ್ಯಾಂಗವು 1950ರಲ್ಲಿ ಜಾರಿಗೆ ಬಂದಿತು. ಆ ರಾಜ್ಯಾಂಗದ ಕರಡನ್ನು ಸಿದ್ಧಮಾಡಿದ ಸಮಿತಿಗೆ ಅದೇ ಹುಡುಗನು ಅಧ್ಯಕ್ಷನಾಗಿದ್ದನು.

ಇಷ್ಟು ಓದಿದ ಮೇಲೆ ನಮ್ಮಲ್ಲಿ ಕೆಲವರು, “ಹೌದು ಅಯ್ಯನವರೇ, ಊರಿನವರು ನಮ್ಮ ಮಕ್ಕಳನ್ನು ಹೀಗೆಯೇ ಗೋಳು ಹುಯ್ದುಕೊಳ್ಳುತ್ತಾರೆ” ಎಂದು ತಲೆದೂಗುತ್ತೀರಿ. ಅದು ನಿಜವೇ. ನಮ್ಮ ಹಿರಿಯರು ಅನುಭವಿಸಿದ್ದನ್ನು ನಾನು ಹೇಳಿಕೊಡಬೇಕಾದದ್ದೇನೂ ಇಲ್ಲ. ಆದರೆ ಇಂದು ನಾನು ಬರೆಯಲಿಕ್ಕೆ ಕೂತದ್ದು ಊರಿನವರ ಪಾಪವನ್ನಲ್ಲ. ಅವರು ಈ ಪತ್ರಿಕೆಯನ್ನು ಓದುವವರೂ ಅಲ್ಲ. ದೀಕ್ಷಾಸ್ನಾನ ಹೊಂದಿದ ಮನೆಗಳಲ್ಲಿಯೇ ಪೂರ್ವದ ಕುಲದ ಹೆಸರನ್ನು ಎತ್ತಿ ಒಬ್ಬರನ್ನೊಬ್ಬರು ಕೀಳುಮಾಡುವ ಮಾತು ಊಟದ ಹೊತ್ತಿನಲ್ಲಿ ಬರುತ್ತದೋ ಇಲ್ಲವೋ? ಸಭೆಯಲ್ಲಿ ಒಂದೇ ಪಾತ್ರೆಯಿಂದ ಕರ್ತನ ಭೋಜನವನ್ನು ತೆಗೆದುಕೊಂಡವರು ಮಗಳ ಮದುವೆಯ ಮಾತು ಬಂದಾಗ ಎರಡಾಗುತ್ತಾರೋ ಇಲ್ಲವೋ? ಒಲೆಯ ಹಿಂದೆ ಕೂತ ಮಗು ಇದನ್ನೆಲ್ಲಾ ಕೇಳುತ್ತಿರುತ್ತದೆ. ಮಕ್ಕಳು ಬೈಗಳನ್ನು ಹೊಸದಾಗಿ ಹುಟ್ಟಿಸುವದು ಅಪರೂಪ. ಮನೆಯಲ್ಲಿ ಬಿದ್ದದ್ದನ್ನು ಆಯ್ದುಕೊಂಡು ಶಾಲೆಗೆ ಹೋಗುತ್ತಾರೆ. ನಾಲಿಗೆಯು ಒಂದು ಕಿಡಿಯೆಂದು ಯಾಕೋಬನು ತನ್ನ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಹೋಲಿಸಿದ್ದಾನೆ. ಶೇಂಗಾ ಹೊಟ್ಟಿನ ಬಣವೆಯ ಮಗ್ಗುಲಲ್ಲಿ ಬೀಡಿ ಸೇದುವವನು ಕಿಡಿ ಚಿಕ್ಕದೆಂದು ಹೇಳಿ ತಪ್ಪಿಸಿಕೊಳ್ಳಬಹುದೋ?

ನಮ್ಮ ಸೀಮೆಯ ಕಲ್ಲುಗಳು ಸಹ ಈ ವಿಷಯದಲ್ಲಿ ಮೌನವಾಗಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಸ್ಥಳಗಳಲ್ಲಿ ಅಶೋಕನೆಂಬ ಚಕ್ರವರ್ತಿಯು ಬಂಡೆಗಳ ಮೇಲೆ ಬರೆಸಿದ ಶಾಸನಗಳಿವೆ. ಅವು 2,200 ವರ್ಷಗಳಿಗಿಂತಲೂ ಹಳೆಯವು, 1892ರಲ್ಲಿ ಬಿ. ಎಲ್. ರೈಸ್ ದೊರೆಗಳು ಅವುಗಳನ್ನು ಕಂಡುಹಿಡಿದರು. ಆಡು ಕಾಯುವ ಹುಡುಗರು ಅಷ್ಟು ಕಾಲವೂ ಆ ಬಂಡೆಗಳ ಮೇಲೆ ಕೂತು ರೊಟ್ಟಿ ತಿಂದಿರಬಹುದು. ತಂದೆತಾಯಿಗಳ ಮಾತನ್ನು ಕೇಳಬೇಕು, ಜೀವವುಳ್ಳವುಗಳ ಮೇಲೆ ಕರುಣೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂಬ ಬುದ್ಧಿಮಾತು ಅಲ್ಲಿ ಕೆತ್ತಿದೆ. ಒಳ್ಳೆಯ ಫಲವು ದೊಡ್ಡವರಿಗೆ ಮಾತ್ರವೇ ಅಲ್ಲ, ಪ್ರಯಾಸಪಟ್ಟರೆ ಚಿಕ್ಕವನಿಗೂ ದೊರಕುವದೆಂದು ಸಹ ಅದರಲ್ಲಿದೆ. ಆ ಅರಸನು ಸುವಾರ್ತೆಯನ್ನು ಅರಿಯದವನು. ನಮ್ಮ ಕರ್ತನು ಹುಟ್ಟುವದಕ್ಕೆ ಇನ್ನೂರಕ್ಕಿಂತ ಹೆಚ್ಚು ವರ್ಷಗಳ ಮುಂಚಿನವನು. ಪೌಲನು ಅಥೇನೆಯಲ್ಲಿ ಅಲ್ಲಿಯವರ ಬಲಿಪೀಠದ ಬರಹವನ್ನು ಹಿಡಿದು ಮಾತಾಡಿದ ಹಾಗೆ ನಾನೂ ನಮ್ಮ ಊರಿನ ಬಂಡೆಯ ಬರಹವನ್ನು ಹಿಡಿದು ಕೇಳುತ್ತೇನೆ: ಇಷ್ಟನ್ನು ಆ ಅರಸನು ಕಲ್ಲಿನ ಮೇಲೆ ಬರೆಸಿದ್ದರೆ, ಚಿಕ್ಕವರನ್ನು ಕೈಯಿಂದ ಎತ್ತಿಕೊಂಡು ಆಶೀರ್ವದಿಸಿದ ಕರ್ತನ ಶಿಷ್ಯರು ಏನು ಬರೆಯಬೇಕು, ಎಲ್ಲಿ ಬರೆಯಬೇಕು?

ಗುರುವನ್ನು ಗೌರವಿಸಬೇಕೆಂದಾಗ ನಮ್ಮ ಜನಕ್ಕೆ ಕೂಡಲೇ ಬೆತ್ತದ ಜ್ಞಾಪಕ ಬರುತ್ತದೆ. “ಪೀಡಿಸುವ ಹುಡುಗನಿಗೆ ಮೇಷ್ಟ್ರು ನಾಲ್ಕು ಬಿಗಿದರೆ ಸರಿಹೋಗ್ತಾನೆ” ಎಂಬದು ಕಟ್ಟೆಯ ಮೇಲಿನ ತೀರ್ಪು. ಎಲೀಷನ ತಲೆಯ ಬೋಳನ್ನು ಕಂಡು ಅಣಕಿಸಿದ ಬೇತೇಲಿನ ಹುಡುಗರ ಮೇಲೆ ಕರಡಿಗಳು ಬಂದ ವೃತ್ತಾಂತವನ್ನು ಹೇಳಿ ಮಕ್ಕಳನ್ನು ಹೆದರಿಸುವವರೂ ಉಂಟು. ನಮ್ಮ ಗುಡ್ಡಗಳಲ್ಲಿ ಕರಡಿ ಇರುವದರಿಂದ ಮಕ್ಕಳು ಆ ಕಥೆಯನ್ನು ಕಣ್ಣರಳಿಸಿ ಕೇಳುತ್ತಾರೆಂಬದು ನಿಜ. ಪ್ರವಾದಿಯನ್ನು ಹಾಸ್ಯ ಮಾಡಿದವರಿಗೆ ದೇವರು ಕೊಟ್ಟ ತೀರ್ಪನ್ನು ದೇವರಿಗೇ ಬಿಡೋಣ; ಕರಡಿಯ ಕೆಲಸವನ್ನು ಉಪಾಧ್ಯಾಯರ ಕೈಗೆ ಕೊಡುವ ಅಧಿಕಾರ ನಮಗಿಲ್ಲ. ದೇಶದ ಕಾನೂನಿನಲ್ಲಿಯೂ ಅದಕ್ಕೆ ಎಡೆಯಿಲ್ಲ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ 2009ನೆಯ ಇಸವಿಯ ಕಾಯಿದೆಯಲ್ಲಿ 17ನೆಯ ಕಲಮು ಯಾವ ಮಗುವನ್ನೂ ಹೊಡೆಯಕೂಡದು, ಮನಸ್ಸಿಗೆ ಕಿರುಕುಳ ಕೊಡಕೂಡದು ಎಂದು ನಿಷೇಧಿಸಿದೆ. ಅಲ್ಲದೆ, ಪೀಡಿಸುವ ಹುಡುಗನು ಬಲವುಳ್ಳವನ ಕೈಯೇ ನ್ಯಾಯವೆಂಬ ಪಾಠವನ್ನು ಎಲ್ಲಿಯೋ ಕಲಿತು ಬಂದವನು; ಅನೇಕ ವೇಳೆ ಕುಡಿದು ಬಂದ ತಂದೆಯ ಕೈಯಲ್ಲಿಯೇ ಕಲಿತಿರುತ್ತಾನೆ. ಅವನಿಗಿಂತ ಬಲವುಳ್ಳ ಮೇಷ್ಟ್ರು ಅವನನ್ನು ಬಡಿದರೆ ಆ ಪಾಠವನ್ನೇ ಮತ್ತೊಮ್ಮೆ ಒಪ್ಪಿಸಿದ ಹಾಗಾಯಿತು. ಅಂಥವನಿಗೆ ಬೇಕಾದದ್ದು ಸರಿಪಡಿಸುವ ಕೆಲಸ. ಚಪ್ಪಲಿಯನ್ನು ಜಾಲಿಯಲ್ಲಿ ಎಸೆದವನು ತಾನೇ ಮುಳ್ಳು ಬಿಡಿಸಿ ತಂದುಕೊಡಲಿ. ಪುಸ್ತಕ ಹರಿದವನು ತನ್ನ ಪುಸ್ತಕವನ್ನು ಕೊಟ್ಟು, ಹರಿದದ್ದನ್ನು ಅಂಟಿಸಿಕೊಂಡು ಓದಲಿ. ಅನ್ಯಾಯ ಮಾಡಿದವನು ತಪ್ಪನ್ನು ಒಪ್ಪಿಕೊಂಡು, ನಷ್ಟಕ್ಕಿಂತ ಐದರಲ್ಲಿ ಒಂದು ಪಾಲು ಹೆಚ್ಚಾಗಿ ತೆರಬೇಕೆಂಬ ಕಟ್ಟಳೆ ಅರಣ್ಯಕಾಂಡದ 5ನೆಯ ಅಧ್ಯಾಯದಲ್ಲಿ ಇದೆ.

ಇನ್ನೊಂದು ಮಾತನ್ನು ತಾಯಂದಿರಿಗೆ ವಿಶೇಷವಾಗಿ ಹೇಳಬೇಕು. ಮಗು ಅತ್ತು ಬಂದಾಗ, “ಸುಮ್ಮನಿರಪ್ಪಾ, ಯೇಸಪ್ಪ ಸೈರಿಸಲಿಲ್ಲವಾ? ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು” ಎಂದು ಸಮಾಧಾನ ಹೇಳುವ ಭಕ್ತಿಯುಳ್ಳ ತಾಯಂದಿರು ಇದ್ದಾರೆ. ಅವರ ಭಕ್ತಿಯನ್ನು ನಾನು ಹಳಿಯುವದಿಲ್ಲ. ಆದರೆ ಅಮ್ಮಾ, ಆ ಕೆನ್ನೆ ನಿಮ್ಮದಲ್ಲ, ಮಗುವಿನದು. ನನ್ನ ಕೆನ್ನೆಯನ್ನು ತಿರುಗಿಸುವದು ನನ್ನ ತ್ಯಾಗವಾಗಬಹುದು. ಬೇರೊಬ್ಬನ ಕೆನ್ನೆಯನ್ನು ನಾನು ಹಿಡಿದು ತಿರುಗಿಸಿದರೆ ಅದಕ್ಕೆ ಏನು ಹೆಸರು? ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯವನ್ನು ತೆಗೆದು ನೋಡಿರಿ. ಅದೇ ರಾತ್ರಿಯಲ್ಲಿ ಒಬ್ಬ ಓಲೇಕಾರನು ನಮ್ಮ ಕರ್ತನ ಕೆನ್ನೆಗೆ ಹೊಡೆದನು. ಕರ್ತನು ಅವನನ್ನು ತಿರುಗಿ ಹೊಡೆಯಲಿಲ್ಲ. ಹಾಗೆಂದು ಮೂಕನಾಗಿಯೂ ಇರಲಿಲ್ಲ. ನಾನು ಆಡಿದ್ದು ತಪ್ಪಾಗಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಎಂಬ ಅರ್ಥದಲ್ಲಿ ಎದುರಿಗೆ ಕೇಳಿದನು. ನಮ್ಮ ಮಕ್ಕಳಿಗೆ ಆ ಪ್ರಶ್ನೆಯನ್ನು ಕಲಿಸಿರಿ. ಕೈಯೆತ್ತದೆ, ಬೈಯದೆ, ತಲೆ ತಗ್ಗಿಸದೆ, “ನನ್ನನ್ನು ಯಾಕೆ ಹೊಡೀತೀಯಣ್ಣಾ?” ಎಂದು ಗಟ್ಟಿಯಾಗಿ, ನಾಲ್ಕು ಜನಕ್ಕೆ ಕೇಳಿಸುವಂತೆ ಕೇಳಲಿ. ಆಮೇಲೆ ನಿಮಗೆ ಬಂದು ಹೇಳಲಿ. ಬಂದು ಹೇಳುವ ಮಗು ಚಾಡಿಕೋರನಲ್ಲ. ಚಾಡಿಯೆಂಬದು ಒಬ್ಬನನ್ನು ಕೆಡಿಸುವದಕ್ಕೆ ಹೇಳುವ ಮಾತು, ಇದು ಒಬ್ಬನನ್ನು ಉಳಿಸುವದಕ್ಕೆ ಹೇಳುವ ಮಾತು.

ಮಗು ಹೇಳಿದ ಮೇಲೆ ನೀವು ಮಾಡತಕ್ಕದ್ದೇನು? ತಪ್ಪುಮಾಡಿದ ಸಹೋದರನ ಬಳಿಗೆ ಮೊದಲು ಒಂಟಿಯಾಗಿ ಹೋಗಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸಬೇಕೆಂಬ ಕ್ರಮವನ್ನು ಕರ್ತನು ಮತ್ತಾಯ 18ನೆಯ ಅಧ್ಯಾಯದಲ್ಲಿ ಕಲಿಸಿದನು. ಚಿಕ್ಕ ಮಗುವನ್ನು ನಡುವೆ ನಿಲ್ಲಿಸಿಕೊಂಡು ಮಾತಾಡಿದ ಅಧ್ಯಾಯವೇ ಅದು, ಮರೆಯಬೇಡಿರಿ. ಆದುದರಿಂದ ಮೊದಲೇ ಬೀದಿಯಲ್ಲಿ ನಿಂತು ಆ ಹುಡುಗನ ಮನೆಯವರನ್ನು ಕೂಗಾಡಬಾರದು. ನಮ್ಮಲ್ಲಿ ಇದೇ ಹೆಚ್ಚು, ಇದರಿಂದಲೇ ಮಕ್ಕಳ ಜಗಳ ಕೇರಿಗಳ ಜಗಳವಾಗುತ್ತದೆ. ಆ ಹುಡುಗನ ತಾಯಿಯ ಹತ್ತಿರ ಹೋಗಿ ಶಾಂತವಾಗಿ ಹೇಳಿರಿ. ತರಗತಿಯ ಟೀಚರಮ್ಮನವರಿಗೂ ಮುಖ್ಯೋಪಾಧ್ಯಾಯರಿಗೂ ದಿನ, ಸ್ಥಳ ಹೇಳಿ ತಿಳಿಸಿರಿ. ಅಲ್ಲಿಯೂ ಆಗದಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ಇಡಿರಿ. ಅದರಲ್ಲಿ ಕೂಡ್ರುವವರು ಮಕ್ಕಳ ತಂದೆತಾಯಿಗಳೇ, ಮತ್ತು ನಮ್ಮ ಸಭೆಯವರು ಅದಕ್ಕೆ ಸೇರಲಿಕ್ಕೆ ನಾಚಿ ಹಿಂದೆಗೆಯುವದು ಸರಿಯಲ್ಲ. ಜಾತಿಯ ಹೆಸರಿನಿಂದ ಹಿಂಸೆಯಾದರೆ, ಅಥವಾ ಮಗುವಿನ ಮೈಗೆ, ಮಾನಕ್ಕೆ ಕೇಡು ಬಂದರೆ, ಇಷ್ಟು ಮೆಟ್ಟಲುಗಳನ್ನು ಒಂದೊಂದಾಗಿ ಹತ್ತುತ್ತಾ ಕೂಡ್ರಬಾರದು. 1098 ಎಂಬ ಮಕ್ಕಳ ಸಹಾಯದ ಸಂಖ್ಯೆಗೆ ಯಾರ ಫೋನಿನಿಂದಲಾದರೂ ಹಣವಿಲ್ಲದೆ ಮಾತಾಡಬಹುದು.

ಇವೆಲ್ಲಾ ದೊಡ್ಡವರ ಕೆಲಸ. ಆದರೆ ಅಂಗಳದಲ್ಲಿ ದೊಡ್ಡವರು ಇಲ್ಲದ ಹೊತ್ತಿನಲ್ಲಿ ಅಲ್ಲಿ ಇರುವವರು ಬೇರೆ ಮಕ್ಕಳೇ. ಈಗ ಮಕ್ಕಳ ಸಂಗಡ ಮಾತಾಡುತ್ತೇನೆ. ಮಕ್ಕಳೇ, ದಾವೀದನು ಅರಸನಾದ ಮೇಲೆ ಅವನ ಸ್ನೇಹಿತನಾದ ಯೋನಾತಾನನ ಮಗನು ಒಬ್ಬನು ಉಳಿದಿದ್ದಾನೆಂದು ತಿಳಿಯಿತು. ಅವನ ಹೆಸರು ಮೆಫೀಬೋಶೆತ. ಐದು ವರ್ಷದವನಾಗಿದ್ದಾಗ, ದಾದಿ ಅವನನ್ನು ಎತ್ತಿಕೊಂಡು ಓಡುವಾಗ ಬಿದ್ದು, ಎರಡು ಕಾಲುಗಳೂ ಕುಂಟಾಗಿದ್ದವು. ಅವನು ಅರಸನ ಮುಂದೆ ಬಂದು ತನ್ನನ್ನು ಸತ್ತ ನಾಯಿಗೆ ಹೋಲಿಸಿಕೊಂಡನು. ಯಾರು ಅವನಿಗೆ ಆ ಹೆಸರನ್ನು ಕಲಿಸಿದರೋ! ಬಹಳ ದಿನ ಕೇಳಿದ ಬೈಗಳು ಕಡೆಗೆ ನಮ್ಮ ಬಾಯಿಂದಲೇ ಬರುತ್ತದೆ. ಅರಸನು ಅವನ ಕಾಲುಗಳನ್ನು ಕುರಿತು ಒಂದು ಮಾತೂ ಆಡಲಿಲ್ಲ. ಅವನ ಹೆಸರು ಹಿಡಿದು ಕರೆದನು. ದಿನಾಲೂ ತನ್ನ ಪಂಕ್ತಿಯಲ್ಲಿ ಕೂತು ಊಟಮಾಡಬೇಕೆಂದು ಹೇಳಿದನು. ಪಂಕ್ತಿಯಲ್ಲಿ ಕೂತು ಉಣ್ಣುವವನ ಕಾಲು ಯಾರಿಗೆ ಕಾಣುತ್ತದೆ? ಎಲ್ಲರ ಕೈಯೂ ಒಂದೇ ಎತ್ತರದಲ್ಲಿರುತ್ತದೆ. ನೀವು ಅರಸರಲ್ಲ, ನಿಮ್ಮ ಹತ್ತಿರ ಅರಮನೆಯಿಲ್ಲ; ಆದರೆ ಬಿಸಿಯೂಟದ ಪಂಕ್ತಿ ಉಂಟು, ನಿಮ್ಮ ಕೈಯಲ್ಲಿ ಒಂದು ತಟ್ಟೆ ಉಂಟು. ಅದನ್ನು ತೆಗೆದುಕೊಂಡು ಹೋಗಿ ಎಲ್ಲಿ ಕೂಡ್ರುತ್ತೀರೆಂಬದು ನಿಮ್ಮ ಇಷ್ಟಕ್ಕೆ ಬಿಟ್ಟದ್ದು. ಗುಂಪು ನಗುವಾಗ ಒಬ್ಬನು ನಗದೆ ಹೋದರೆ, ಹಾಸ್ಯ ಮಾಡುವವನಿಗೆ ಕೂಲಿಯಲ್ಲಿ ಒಂದು ಕಾಸು ಕಡಿಮೆಯಾಯಿತು. ಇಬ್ಬರು ನಗದಿದ್ದರೆ ಎರಡು ಕಾಸು. ಅವನ ಸರಿಯಾದ ಹೆಸರು ಹಿಡಿದು, “ಬಾರೋ, ಇಲ್ಲಿ ಕೂತ್ಕೋ” ಎಂದು ಕರೆದರೆ ಆ ದಿನದ ವ್ಯಾಪಾರವೇ ಮುರಿದುಹೋಯಿತು.

ನಿಮಗೆ ಭಯವಾಗುತ್ತದೆಂದು ನಾನು ಬಲ್ಲೆ. ನಾಳೆ ನನಗೂ ಅಡ್ಡಹೆಸರು ಇಡುತ್ತಾರೆಂಬ ಭಯ. ಪೇತ್ರನಿಗೂ ಆದದ್ದು ಅದೇ. ಆದರೆ ಪೇತ್ರನ ಕಥೆ ಕಾಯಫನ ಬೆಂಕಿಯ ಹತ್ತಿರ ಮುಗಿಯಲಿಲ್ಲ. ಆ ಬೆಂಕಿ ಕೆಂಡದ ಬೆಂಕಿಯೆಂದು ಯೋಹಾನನು ಬರೆದಿದ್ದಾನೆ. ಅದೇ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ, ಸಮುದ್ರದ ದಡದಲ್ಲಿ, ಬೆಳಗಿನ ಜಾವದಲ್ಲಿ, ಇನ್ನೊಂದು ಕೆಂಡದ ಬೆಂಕಿ ಇದೆ. ಅದನ್ನು ಹೊತ್ತಿಸಿದವನು ಜೀವಂತನಾಗಿ ಎದ್ದ ಕರ್ತನೇ; ಅದರ ಮೇಲೆ ಮೀನು ಇಟ್ಟು, ಬಾ, ಊಟಮಾಡು ಎಂದು ಕರೆದನು. ಊಟವಾದ ಮೇಲೆ ಪೇತ್ರನಿಗೆ ಒಂದು ಕೆಲಸವನ್ನು ಒಪ್ಪಿಸಿದನು. ಮೊದಲು ಒಪ್ಪಿಸಿದ್ದು ದೊಡ್ಡ ಕುರಿಗಳನ್ನಲ್ಲ, ಮರಿಗಳನ್ನು. ನಮ್ಮಲ್ಲಿ ಕುರಿ ಸಾಕುವ ಮನೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಂಡು ಮುಂದೆ ಹೋಗುವಾಗ ಈಚೆಗೆ ಹುಟ್ಟಿದ ಮರಿಯೋ, ಕಾಲು ಉಳುಕಿದ ಮರಿಯೋ ಹಿಂದೆ ಬಿದ್ದರೆ ಕುರುಬನು ಅದನ್ನು ಕಂಬಳಿಯ ಮಡಿಲಿನಲ್ಲಿ ಹಾಕಿಕೊಂಡು ನಡೆಯುತ್ತಾನೆ. ಹಿಂಡಿನಲ್ಲಿ ಎಷ್ಟು ಇವೆಯೆಂದು ಕೇಳಿದರೆ ಅದನ್ನೂ ಸೇರಿಸಿಯೇ ಲೆಕ್ಕ ಹೇಳುತ್ತಾನೆ.

ಬರುವ ಭಾನುವಾರದ ಆರಾಧನೆಗೆ ಬರುವಾಗ ಪ್ರತಿಯೊಂದು ಮನೆಯವರೂ ತಮ್ಮ ಮಕ್ಕಳನ್ನು ಹತ್ತಿರ ಕೂಡ್ರಿಸಿಕೊಂಡು ಒಂದು ಪ್ರಶ್ನೆಯನ್ನು ಕೇಳಿ ಬರಬೇಕೆಂದು ಕೋರುತ್ತೇನೆ: ನಿನ್ನ ತರಗತಿಯಲ್ಲಿ ಮಧ್ಯಾಹ್ನ ಒಂಟಿಯಾಗಿ ಕೂತು ಉಣ್ಣುವ ಮಗು ಯಾರು? ಅಡ್ಡಹೆಸರನ್ನಲ್ಲ, ಸ್ವಂತ ಹೆಸರನ್ನು ಕೇಳಿರಿ. ಮಗುವಿಗೆ ಆ ಹೆಸರು ಗೊತ್ತಿಲ್ಲದಿದ್ದರೆ ಸೋಮವಾರ ಶಾಲೆಗೆ ಹೋಗಿ ತಿಳಿದುಕೊಂಡು ಬರುವ ಹಾಗೆ ಹೇಳಿರಿ. ಇನ್ನೂ ಒಂದು ವಾರ ತಡವಾದರೂ ಚಿಂತೆಯಿಲ್ಲ. ಆ ಮಗು ಯಾವ ಕೇರಿಯದಾದರೂ, ಯಾವ ದೇವರಿಗೆ ಕೈಮುಗಿಯುವ ಮನೆಯದಾದರೂ ಸರಿ, ಹೆಸರನ್ನು ಬರೆದುಕೊಂಡು ತನ್ನಿರಿ. ಸಭೆಯಲ್ಲಿ ಗಟ್ಟಿಯಾಗಿ ಓದದೆ, ಪ್ರಾರ್ಥನೆಯ ಹೊತ್ತಿನಲ್ಲಿ ಮನಸ್ಸಿನಲ್ಲಿ ಉಚ್ಚರಿಸೋಣ.